ಜೀಪಿನ ತುಕ್ಕು

ಲೋಹದ ಮುಪ್ಪಿಗೆ ಕನ್ನಡಿಗರು ಎರಡು ಹೆಸರುಗಳನ್ನಿಟ್ಟಿದ್ದಾರೆ. ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಕಿಲುಬು ಹಿಡಿದ ತಂಬಿಗೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿದರೆ ಅದು ಮದುವಣಗಿತ್ತಿಯಂತೆ ಹೊಳೆಯುತ್ತದೆ. ತುಕ್ಕು ಹಿಡಿದ ತಗಡನ್ನು ತಿಕ್ಕಿದರೆ ಒಮ್ಮೊಮ್ಮೆ ತಗಡೇ ಕಾಣೆಯಾಗುತ್ತದೆ! ತಾಮ್ರದ ಮೇಲೆ ಕೂಡುವ ಹಸುರು ಪೊರೆ ಲೋಹಕ್ಕೆ ಅಂಟಿ ನಿಂತು ಅದಕ್ಕೆ ಹೊದಿಕೆಯಾಗುತ್ತದೆ. ಕಬ್ಬಿಣದ ತುಕ್ಕಾದರೋ ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಬೇಡುತ್ತದೆ. ಉಬ್ಬುತ್ತದೆ, ಹಕ್ಕಳೆಯಾಗಿ ಉದುರುತ್ತದೆ, ಒಳಗಿನ ಹೊಸ ಕಬ್ಬಿಣವನ್ನು ಗಾಳಿ ನೀರುಗಳ ಬಾಯಿಗೆ ಒಡ್ಡುತ್ತದೆ.

ಈ ಮಾತನ್ನು ಪ್ರತ್ಯಕ್ಷ ಕಾಣಬೇಕೆಂಬ ವಾಚಕರು ಕೊಡಚಾದ್ರಿಗೆ ಹೋಗಬೇಕು. ಅಲ್ಲಿಯ ಮೂಲಮೂಕಾಂಬಿಕೆಯ ಗುಡಿಯ ಮುಂದೆ ಒಂದು ಕಬ್ಬಿಣದ ಕಂಬವಿದೆ. ಕುಲುಮೆಯಲ್ಲಿ ಕಾಸಿ ಬಡಿದು ಮಾಡಿದ ಕಬ್ಬಿಣವದು. ಘಟ್ಟದ ಮಳೆಗಾಲಗಳನ್ನು ತಲೆಯ ಮೇಲೆ ಹೊತ್ತು ಇನ್ನೂ ನೆಟ್ಟಗೆ ನಿಂತಿದೆ. ಯಾತ್ರಿಕರನ್ನು ಆ ಬೆಟ್ಟಕ್ಕೆ ಹೊತ್ತು ತರುವ ಹಳೆಯ ಜೀಪುಗಳೂ ಅದೇ ಮಳೆಯಲ್ಲಿ ನೆನೆಯುತ್ತವೆ. ಆದರೆ ಅವುಗಳಲ್ಲಿ ಅನೇಕವಕ್ಕೆ ಮುಂಗಾಜಿನ ಸುತ್ತಲೂ ತುಕ್ಕು ಹಿಡಿದಿರುತ್ತದೆ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1941ರಿಂದ 1945ರವರೆಗೆ ಅಮೆರಿಕದ ಕಾರ್ಖಾನೆಗಳು ಆರು ಲಕ್ಷಕ್ಕೂ ಮೀರಿ ಜೀಪುಗಳನ್ನು ಕಟ್ಟಿದವು. ಶತ್ರುವಿನ ಕಣ್ಣಿಗೆ ತಗ್ಗಾಗಿ ಕಾಣಲೆಂದು ಅದರ ಮುಂಗಾಜನ್ನು ಚೌಕಟ್ಟಿನೊಡನೆ ಬಾನೆಟ್ಟಿನ ಮೇಲೆ ಮಲಗಿಸುವಂತೆ ಮಾಡಿದ್ದರು. ಯುದ್ಧ ಮುಗಿದ ಮೇಲೆ ಮಹೀಂದ್ರ ಕಂಪೆನಿಯವರು ಮುಂಬಯಿಯಲ್ಲಿ ಜೀಪುಗಳನ್ನು ಜೋಡಿಸತೊಡಗಿದರು. ಮಲೆನಾಡಿನ ತೋಟದ ದಾರಿಗಳಿಗೆ ಅದು ಹೇಳಿ ಮಾಡಿಸಿದ ವಾಹನವಾಯಿತು. ಮಲಗುವ ಗಾಜು ಮಾತ್ರ ಸೈನ್ಯದ ನೆನಪಾಗಿ ಉಳಿಯಿತು. ಒಳಗೆ ಪೊಳ್ಳಾದ ಉಕ್ಕಿನ ಚೌಕಟ್ಟು, ಕೆಳಗೆ ಎರಡು ಕೀಲು, ಗಾಜಿನ ಸುತ್ತ ರಬ್ಬರಿನ ಪಟ್ಟಿ. ವ್ಯಾಧಿಯ ಮೂಲ ಈ ಮೂರರ ಸಂಗಮದಲ್ಲಿದೆ.

ರಬ್ಬರು ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಮಳೆಯ ನೀರು ಬಿರುಕಿನಲ್ಲಿ ಇಳಿದು ಚೌಕಟ್ಟಿನ ತಳದಲ್ಲಿ ಸೇರುತ್ತದೆ. ಹೊರಬೀಳಲು ಇದ್ದ ತೂತುಗಳನ್ನು ಧೂಳು ಮುಚ್ಚಿರುತ್ತದೆ. ಗುಡಿಯ ಮುಂದಿನ ಕಂಬದ ಮೇಲೆ ಬಿದ್ದ ನೀರು ಹರಿದುಹೋಗುತ್ತದೆ, ಉಳಿದದ್ದನ್ನು ಬೆಟ್ಟದ ಗಾಳಿ ಒಣಗಿಸುತ್ತದೆ. ಜೀಪಿನ ಚೌಕಟ್ಟಿನಲ್ಲಿ ಇಳಿದ ನೀರಿಗಾದರೋ ದೀಪಾವಳಿಯವರೆಗೆ ಅಲ್ಲಿಯೇ ವಾಸ. ಕಬ್ಬಿಣವನ್ನು ತಿನ್ನುವುದು ಬೀಳುವ ನೀರಿಗಿಂತ ಹೆಚ್ಚಾಗಿ ನಿಲ್ಲುವ ನೀರು.

ಕಳೆದ ಬೇಸಗೆಯಲ್ಲಿ ನನ್ನ ಪರಿಚಯದ ಜೀಪಿನ ಮಾಲೀಕರೊಬ್ಬರು ತಮ್ಮ ಗಾಡಿಯನ್ನು ಟಿಂಕರಿಂಗ್ ಷೆಡ್ಡಿಗೆ ತಂದಿದ್ದರು. ಯಾತ್ರೆಯ ಕಾಲದಲ್ಲಿ ಅವರ ಸಂಸಾರ ನಡೆಯುವುದು ಆ ಗಾಡಿಯಿಂದ. ಮಳೆಗಾಲದಲ್ಲಿ ಊರಿನ ರೋಗಿಗಳನ್ನು, ದಿನ ತುಂಬಿದ ಹೆಣ್ಣುಮಕ್ಕಳನ್ನು ಪೇಟೆಯ ಆಸ್ಪತ್ರೆಗೆ ಇಳಿಸುವುದೂ ಅದೇ. ಗಾಜಿನ ಕೆಳಗೆ ಬಣ್ಣ ಗುಳ್ಳೆ ಎದ್ದಿತ್ತು. ಮಳೆ ಬಂದರೆ ಡ್ರೈವರನ ಮೊಣಕಾಲ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

"ಪುಟ್ಟಿ ಮೆತ್ತಿ ಬಣ್ಣ ಹೊಡೆದುಬಿಡಿ ಅಣ್ಣ, ನಾಳೆ ಬಾಡಿಗೆಯಿದೆ" ಎಂದರು ಮಾಲೀಕರು.

ಷೆಡ್ಡಿನ ಹಿರಿಯರು ಸ್ಕ್ರೂಡ್ರೈವರಿನ ಹಿಡಿಯಿಂದ ಚೌಕಟ್ಟನ್ನು ಉದ್ದಕ್ಕೂ ತಟ್ಟುತ್ತ ಬಂದರು. ಮೇಲೆ ಠಣ್ ಎಂದ ಉಕ್ಕು ಕೆಳಮೂಲೆಗೆ ಬಂದಾಗ ಒಡಕು ಮಡಕೆಯಂತೆ ಸದ್ದು ಮಾಡಿತು. ತುದಿಯನ್ನು ಒತ್ತಿದರು, ಅದು ಒಳಕ್ಕೆ ಇಳಿದುಹೋಯಿತು.

"ಗೌಡ್ರೆ, ಪುಟ್ಟಿ ಹಚ್ಚಿದರೆ ನಿಮಗೆ ಕಾಣುವುದಿಲ್ಲ, ಮಳೆಗೆ ಕಾಣುತ್ತದೆ. ಗಾಜನ್ನು ಹಿಡಿದಿರುವುದು ಈ ಮೂಲೆ. ಘಾಟಿಯಲ್ಲಿ ಇದು ಬಿಟ್ಟುಕೊಟ್ಟರೆ ಯಾರನ್ನು ಕೇಳುತ್ತೀರಿ? ಎಂಟು ದಿನ ಗಾಡಿ ಇಲ್ಲಿರಲಿ."

ಬೇಸಗೆಯ ಕೊನೆಯ ಎಂಟು ದಿನವೆಂದರೆ ಬೆಟ್ಟದ ಜೀಪಿನವರಿಗೆ ಸುಗ್ಗಿಯ ಎಂಟು ದಿನ. ಮಾಲೀಕರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಬಸ್ ನಿಲ್ದಾಣದ ಕಡೆಗೆ ನಡೆದರು.

ಆ ಎಂಟು ದಿನಗಳ ಕೆಲಸವನ್ನು ಹಳೆಯ ಗಾಡಿಯುಳ್ಳ ವಾಚಕರಿಗಾಗಿ ಇಲ್ಲಿ ಹೇಳುತ್ತೇನೆ. ಮೊದಲು ಹಳೆಯ ರಬ್ಬರನ್ನು ಚಾಕುವಿನಿಂದ ಕೊಯ್ದು ಗಾಜನ್ನು ಬಿಡಿಸಿದರು. ರಬ್ಬರನ್ನು ಉಳಿಸಹೋಗಿ ಗಾಜನ್ನು ಒಡೆಯುವುದು ಜಾಣತನವಲ್ಲ. ತಂತಿಯ ಬ್ರಷ್ಷಿನಿಂದ ಬಣ್ಣ, ತುಕ್ಕು ಎರಡನ್ನೂ ಉಜ್ಜಿ ತೆಗೆದಾಗ ಹೊರಗೆ ಬೆರಳಗಲ ಕಂಡ ಗಾಯ ಒಳಗೆ ಗೇಣುದ್ದವಿತ್ತು. ಗಟ್ಟಿ ಉಕ್ಕು ಸಿಕ್ಕುವವರೆಗೆ, ಅದರಾಚೆಗೂ ಸ್ವಲ್ಪ ಕತ್ತರಿಸಿದರು. ಅಷ್ಟೇ ದಪ್ಪದ ಹೊಸ ತಗಡನ್ನು ಆ ಆಕಾರಕ್ಕೆ ಬಗ್ಗಿಸಿ, ಬ್ಯಾಟರಿಯ ತಂತಿ ಕಳಚಿಟ್ಟು ವೆಲ್ಡಿಂಗಿಗೆ ತೊಡಗಿದರು. ಒಂದೇ ಸಮನೆ ಬೆಸೆಯಲಿಲ್ಲ. ಇಲ್ಲೊಂದು ಚುಕ್ಕೆ, ದೂರದಲ್ಲಿ ಇನ್ನೊಂದು ಚುಕ್ಕೆ, ನಡುವೆ ಆರಲು ಬಿಡುವು. ಒಂದೇ ಕಡೆ ಕಾವು ಹೆಚ್ಚಾದರೆ ತಗಡು ಸೊಟ್ಟಗಾಗುತ್ತದೆ. ಸೊಟ್ಟ ಚೌಕಟ್ಟಿನಲ್ಲಿ ಕುಳಿತ ಗಾಜು ಮೊದಲ ಗುಂಡಿಗೇ ಸೀಳುತ್ತದೆ.

ಬೆಸುಗೆಯನ್ನು ಸಮ ಮಾಡಿದ ಮೇಲೆ, ಸಂದುಗಳಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲದ ಲೇಪ. ಈ ಆಮ್ಲ ತುಕ್ಕನ್ನು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡಿಸುತ್ತದೆ. ದಿಲ್ಲಿಯ ಮೆಹ್ರೌಲಿಯಲ್ಲಿರುವ ಸುಮಾರು 1,600 ವರ್ಷ ಹಳೆಯ ಕಬ್ಬಿಣದ ಸ್ತಂಭವನ್ನು ಕಾಪಾಡಿರುವುದೂ ಅದರ ಕಬ್ಬಿಣದಲ್ಲಿರುವ ರಂಜಕದಿಂದ ಹುಟ್ಟಿದ ತೆಳುಪೊರೆಯೆಂದು ಲೋಹಶಾಸ್ತ್ರಜ್ಞರು ಹೇಳುತ್ತಾರೆ. ರಂಜಕವೆಂದರೆ ಫಾಸ್ಫರಸ್ಸೇ. ಗುಪ್ತರ ಕಾಲದ ಕಮ್ಮಾರನ ಬಂಧುತ್ವ ಹೀಗೆ ಟಿಂಕರಿಂಗ್ ಷೆಡ್ಡಿನವರೆಗೂ ಬಂದಿದೆ! ಲೇಪ ಒಣಗಿದ ಬಳಿಕ ಸತುವು ಬೆರೆತ ಪ್ರೈಮರ್, ಅದರ ಮೇಲೆ ಬಣ್ಣ. ಪೊಳ್ಳಿನೊಳಗೆ ಕರಗಿದ ಮೇಣ.

ಆಮೇಲೆ ಹಿರಿಯರು ಮಾಡಿದ ಕೆಲಸವೇ ಮುಖ್ಯವಾದುದು. ಚೌಕಟ್ಟಿನ ತಳದ ತೂತುಗಳನ್ನು ತಂತಿ ಹಾಕಿ ಬಿಡಿಸಿದರು. ಮೇಲಿಂದ ಒಂದು ಲೋಟ ನೀರು ಹೊಯ್ದು ಅದು ಕೆಳಗೆ ಇಳಿಯುವುದನ್ನು ಕಣ್ಣಾರೆ ನೋಡಿದರು. "ಎಷ್ಟು ಹುಷಾರಾಗಿ ಮುಚ್ಚಿದರೂ ನೀರು ಬರುತ್ತದೆ ಮೇಷ್ಟ್ರೆ, ಹೋಗಲಿಕ್ಕೆ ದಾರಿ ಇಡಬೇಕು" ಎಂದು ನನ್ನ ಕಡೆಗೆ ತಿರುಗಿ ಹೇಳಿದರು.

ಎರಡು ದಿನ ಒಣಗಿದ ಮೇಲೆ ಹೊಸ ರಬ್ಬರಿನ ಕಾಲುವೆಯಲ್ಲಿ ಗಟ್ಟಿ ದಾರವನ್ನಿಟ್ಟು, ಸಾಬೂನಿನ ನೀರು ಸವರಿ, ಗಾಜನ್ನು ಚೌಕಟ್ಟಿಗೆ ಒತ್ತಿದರು. ಹುಡುಗನೊಬ್ಬ ಹೊರಗಿನಿಂದ ಅಂಗೈಯಲ್ಲಿ ಅದುಮುತ್ತಿದ್ದಂತೆ ಹಿರಿಯರು ಒಳಗಿನಿಂದ ದಾರವನ್ನು ಎಳೆದರು. ರಬ್ಬರಿನ ತುಟಿ ಚೌಕಟ್ಟಿನ ಅಂಚನ್ನು ತಾನಾಗಿ ಕಚ್ಚುತ್ತ ಬಂದಿತು.

ಆರಿದ್ರಾ ಮಳೆ ಹಿಡಿದಾಗ ಆ ಜೀಪಿನಲ್ಲಿ ನಾನೂ ಒಮ್ಮೆ ಪೇಟೆಗೆ ಬಂದೆ. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದ ಬಾಣಂತಿ, ಅವಳ ತಾಯಿ, ಹನ್ನೊಂದು ದಿನದ ಕೂಸು. ಮುಂದೆ ದಾರಿ ಕಾಣದಷ್ಟು ಮಳೆ. ಮಾಲೀಕರ ಮೊಣಕಾಲು ಮಾತ್ರ ಒಣಗಿತ್ತು. ಕಳೆದುಹೋದ ಎಂಟು ದಿನದ ಬಾಡಿಗೆಯ ಮಾತನ್ನು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಹಳೆಯ ಜೀಪು ಇರುವವರು ಈ ಭಾನುವಾರ ಮುಂಗಾಜಿನ ಕೆಳಗಿನ ರಬ್ಬರನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಲಿ. ಕೆಂಪು ನೀರು ಒಸರಿದರೆ ಬಣ್ಣದ ಅಂಗಡಿಗೆ ಹೋಗುವುದು ಬೇಡ. ತಟ್ಟಿ ನೋಡಬಲ್ಲ ಹಿರಿಯರೊಬ್ಬರನ್ನು ಹುಡುಕಿಕೊಂಡು ಹೋಗಲಿ.