ದಾರಿ ತೋರಿದವನ ಪಾಲು

ಹದಿನಾರನೆಯ ತೀರ್ಥಂಕರ ಶಾಂತಿನಾಥ ಸ್ವಾಮಿಯ ಲಾಂಛನ ಜಿಂಕೆ. ಬಸದಿಯಲ್ಲಿ ಸ್ವಾಮಿಯ ಪೀಠದ ಮೇಲಿನ ಆ ಪುಟ್ಟ ಆಕೃತಿಗೂ ಕೈಮುಗಿಯುವ ನಮಗೆ, ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯವು 1959ರಲ್ಲಿ ಬಿಳಿಬಾಲದ ಜಿಂಕೆಯನ್ನು ತನ್ನ ರಾಜ್ಯಪ್ರಾಣಿಯಾಗಿ ಆರಿಸಿಕೊಂಡಿತೆಂದು ಕೇಳಿದರೆ ಸಂತೋಷವಾದೀತು. ಆದರೆ ಅಲ್ಲಿನ ಗುಡ್ಡಗಾಡಿನ ಸಣ್ಣ ಊರುಗಳಲ್ಲಿ ಜಿಂಕೆಗೆ ಸಲ್ಲುವ ಗೌರವ ಬೇರೆಯೇ ಬಗೆಯದು.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆನ್ನಿಗೇ ಅಲ್ಲಿ ಬಂದೂಕಿನ ಜಿಂಕೆಬೇಟೆ ತೊಡಗುತ್ತದೆ. 1963ರಿಂದ ದಶಕಗಳ ಕಾಲ ಹಬ್ಬದ ನಂತರದ ಸೋಮವಾರ ಆರಂಭವಾಗುತ್ತಿದ್ದುದು 2019ರಲ್ಲಿ ಶನಿವಾರಕ್ಕೆ ಬಂತು. ಆದರೂ ಹಳ್ಳಿಗಾಡಿನ ಅನೇಕ ಶಾಲೆಗಳಿಗೆ ಆ ಸೋಮವಾರ ಇಂದಿಗೂ ರಜೆ. ಅಜ್ಜ, ಮಗ, ಮೊಮ್ಮಗ ಕಾಡಿನಂಚಿನ ಒಂದೇ ಮರದ ಮನೆಯಲ್ಲಿ ತಂಗುತ್ತಾರೆ. ಮೋಟೆಲ್, ಪೆಟ್ರೋಲ್ ಬಂಕ್, ಉಪಾಹಾರಗೃಹ, ಮಾಂಸ ಕತ್ತರಿಸಿ ಕಟ್ಟಿಕೊಡುವವ, ಕೊಂಬಿನ ತಲೆಯನ್ನು ಗೋಡೆಗೆ ಅಣಿಮಾಡುವವ, ಎಲ್ಲರೂ ಆ ಎರಡು ವಾರಗಳಿಗಾಗಿ ಕಾಯುತ್ತಾರೆ. ಜಿಂಕೆಬೇಟೆಯೇ ಊರಿನ ಹೆಸರು, ಊರಿನ ಹಬ್ಬ, ಊರಿನ ಅನ್ನ.

ಈ ಜನರನ್ನು ಕ್ರೂರಿಗಳೆಂದು ತಳ್ಳಿಹಾಕುವುದು ಸುಲಭ, ಸರಿಯಲ್ಲ. ವನ್ಯಜೀವಿಗಳ ರಕ್ಷಣೆಗೆ ಅಲ್ಲಿ ಹಣ ಬರುವುದೇ ಬಹುಮಟ್ಟಿಗೆ ಬೇಟೆಗಾರರ ಪರವಾನಗಿಯಿಂದ, ಮತ್ತು ಬಂದೂಕು-ಮದ್ದುಗುಂಡುಗಳ ಮೇಲೆ 1937ರ ಕಾಯಿದೆ ಮೀಸಲಿಟ್ಟ ತೆರಿಗೆಯಿಂದ. ತೋಳಗಳಿಲ್ಲದ ಕಾಡಿನಲ್ಲಿ ಜಿಂಕೆಗಳು ಹೆಚ್ಚಿ ಎಳೆಯ ಸಸಿಗಳನ್ನೆಲ್ಲ ಮೇಯುತ್ತವೆ ಎಂಬ ಮಾತೂ ಸುಳ್ಳಲ್ಲ. (ಆ ತೋಳಗಳನ್ನು ಅಳಿಸಿದವನೂ ಮನುಷ್ಯನೇ ಎಂಬುದನ್ನು ಮಾತ್ರ ಯಾರೂ ನೆನೆಯುವುದಿಲ್ಲ.)

ಹಿಂಸೆಯನ್ನು ಜೈನಾಚಾರ್ಯರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿದ್ದಾರೆ. ಒಲೆ ಹೊತ್ತಿಸುವ, ಹೊಲ ಉಳುವ, ಮನೆ ಕಾಯುವ ಗೃಹಸ್ಥನು ಕೊನೆಯ ಮೂರನ್ನು ಪೂರ್ತಿ ತೊರೆಯಲಾರ. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕು. ಸಪ್ತವ್ಯಸನಗಳಲ್ಲಿ ಬೇಟೆಯೂ ಒಂದು. ಬಂದೂಕು ಹಿಡಿದವನ ಮಟ್ಟಿಗೆ ಇಷ್ಟೇ ಸಾಕು. ಚಿಂತಿಸಬೇಕಾದುದು ಬಂದೂಕನ್ನು ಎಂದೂ ಮುಟ್ಟದೆ ಅದರಿಂದಲೇ ಬದುಕುವವನ ವಿಷಯ.

ಇಲ್ಲಿ ಅಕಲಂಕದೇವರ ‘ರಾಜವಾರ್ತಿಕ’ ನೆನಪಾಗುತ್ತದೆ. ಅನರ್ಥದಂಡದಲ್ಲಿ ಪಾಪೋಪದೇಶವೆಂಬುದೊಂದು. ಅದರ ಒಂದು ಬಗೆ ವಧಕೋಪದೇಶ: ಇಂಥ ಪ್ರದೇಶದಲ್ಲಿ ಜಿಂಕೆಗಳಿವೆ, ಹಂದಿಗಳಿವೆ, ಹಕ್ಕಿಗಳಿವೆ ಎಂದು ಬೇಟೆಗಾರನಿಗೆ ತಿಳಿಸುವುದು. ಬಾಣ ಬಿಟ್ಟವನು ಬೇರೆ, ಬಲೆ ಒಡ್ಡಿದವನು ಬೇರೆ. ಬಾಯಿಮಾತಿನಲ್ಲಿ ದಾರಿ ತೋರಿದವನಿಗೂ ಪಾಲುಂಟು. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಬರೆದ ಈ ಮಾತು ಬೇಟೆಯಿಂದ ಬದುಕುವ ಊರೊಂದನ್ನು ಕಣ್ಣಾರೆ ಕಂಡು ಬರೆದಂತಿದೆ. ಕಾಫಿ ಬಡಿಸುತ್ತ ‘ನಿನ್ನೆ ಆ ಗುಡ್ಡದ ಹಿಂದೆ ಹಿಂಡು ಕಂಡಿತು’ ಎನ್ನುವ ಸಾಧು ಮನುಷ್ಯನೂ ಕೃತ, ಕಾರಿತ, ಅನುಮೋದನೆಗಳ ಲೆಕ್ಕದಿಂದ ಹೊರಗಿಲ್ಲ.

ಇದು ದೂರದವರ ಸಂಗತಿಯಷ್ಟೇ ಅಲ್ಲ. ಅಮೆರಿಕದ ಸಣ್ಣ ಊರುಗಳ ಎಷ್ಟೋ ಮೋಟೆಲ್‌ಗಳು ಭಾರತೀಯ ಕುಟುಂಬಗಳವು. ಅಂಥ ಊರಿನಲ್ಲಿ ಒಬ್ಬ ಶ್ರಾವಕನಿದ್ದರೆ ಬೇಟೆಯ ವಾರದಲ್ಲಿ ಏನು ಮಾಡಬೇಕು? ಚಳಿಯಲ್ಲಿ ಬಂದ ಪ್ರಯಾಣಿಕನಿಗೆ ಹಾಸಿಗೆ ಕೊಡುವುದು ದೋಷವೆಂದು ನನಗನ್ನಿಸುವುದಿಲ್ಲ. ‘ಬೇಟೆಗಾರರಿಗೆ ಸ್ವಾಗತ’ ಎಂಬ ಫಲಕ ತೂಗುಹಾಕುವುದು, ಸತ್ತ ಜಿಂಕೆಯನ್ನು ಇರಿಸಲು ಜಾಗ ಮಾಡಿಕೊಡುವುದು ಬೇರೆ. ಅಲ್ಲಿ ಗೆರೆ ಎಳೆಯಬೇಕು. ಎಳೆದರೆ ನಷ್ಟವಾಗುತ್ತದೆ, ಆ ನಷ್ಟವನ್ನು ಹೊರಲೇಬೇಕು. ವ್ರತವೆಂದರೆ ಲೆಕ್ಕದ ಪುಸ್ತಕಕ್ಕೆ ತಾಗದ ಸಂಗತಿಯೇನಲ್ಲ.

ನೇಮಿಕುಮಾರನ ವಿವಾಹದಲ್ಲಿಯೂ ಪ್ರಾಣಿಗಳನ್ನು ಕೂಡಿಹಾಕಿದವರಿಗೆ ಅವುಗಳ ಮೇಲೆ ದ್ವೇಷವಿರಲಿಲ್ಲ. ಅತಿಥಿಸತ್ಕಾರವಿತ್ತು, ರೂಢಿಯಿತ್ತು, ಅಡುಗೆಯವರಿಗೆ ದುಡಿಮೆಯಿತ್ತು. ಅವುಗಳ ಆರ್ತನಾದ ಕೇಳಿದ ವರನು ಇವೆಲ್ಲ ಯಾರಿಗಾಗಿ ಎಂದು ಸಾರಥಿಯನ್ನು ಕೇಳಿದ. ನಿನ್ನ ಮದುವೆಗಾಗಿ ಎಂಬ ಉತ್ತರ ಬಂತು. ಅವನು ಅಡುಗೆಯವರನ್ನು ದಂಡಿಸಲಿಲ್ಲ. ತನ್ನ ಹೆಸರಿನಲ್ಲಿ ನಡೆಯುತ್ತಿದ್ದುದರಿಂದ ತಾನೇ ಹೊರಬಂದು ಗಿರಿನಾರಿನ ಹಾದಿ ಹಿಡಿದ.

ಊರೊಂದು ಹಾಗೆ ಹೊರಬರಬಲ್ಲದೇ? ಕಾಲವೇ ಅದನ್ನು ಕೇಳುತ್ತಿದೆ. 1980ರ ದಶಕದ ಆರಂಭದಲ್ಲಿ ಪೆನ್ಸಿಲ್ವೇನಿಯದಲ್ಲಿ ಸುಮಾರು 13 ಲಕ್ಷ ಮಂದಿ ಬೇಟೆಯ ಪರವಾನಗಿ ಪಡೆಯುತ್ತಿದ್ದರು. ಈಗ ಅದು 9 ಲಕ್ಷದ ಆಸುಪಾಸಿಗೆ ಇಳಿದಿದೆ. ಅದೇ ರಾಜ್ಯದಲ್ಲಿ ಬೆನೆಜೆಟ್ ಎಂಬ ಪುಟ್ಟ ಊರಿದೆ. ಜಿಂಕೆಯ ಕುಲದ್ದೇ ಆದ ದೊಡ್ಡ ಪ್ರಾಣಿ ಎಲ್ಕ್, 19ನೆಯ ಶತಮಾನದಲ್ಲಿ ಆ ಸೀಮೆಯಿಂದ ಬೇಟೆಗೆ ಸಿಕ್ಕಿ ಅಳಿದುಹೋಗಿತ್ತು. 1913ರಿಂದ ಯೆಲ್ಲೋಸ್ಟೋನ್ ಕಡೆಯಿಂದ ತಂದು ಬಿಟ್ಟ ಹಿಂಡು ಈಗ ಬೆಳೆದಿದೆ. ಶರತ್ಕಾಲದ ಸಂಜೆ ಗಂಡು ಎಲ್ಕ್‌ಗಳ ಕೂಗು ಕೇಳಲು ಜನ ರಸ್ತೆಯಂಚಿನಲ್ಲಿ ಸದ್ದಿಲ್ಲದೆ ನಿಲ್ಲುತ್ತಾರೆ. 2010ರಲ್ಲಿ ಅವರಿಗಾಗಿಯೇ ವೀಕ್ಷಣಾ ಕೇಂದ್ರ ತೆರೆಯಿತು. ಮೋಟೆಲ್ ತುಂಬುತ್ತದೆ, ಉಪಾಹಾರಗೃಹದಲ್ಲಿ ಕಾಫಿ ಖರ್ಚಾಗುತ್ತದೆ, ಹಿಂಡು ಎಲ್ಲಿದೆಯೆಂದು ಅಲ್ಲಿಯೂ ಕೇಳುತ್ತಾರೆ, ಅಂಗಡಿಯವನು ಹೇಳುತ್ತಾನೆ. 2001ರಿಂದ ಲಾಟರಿ ಎತ್ತಿ ಎಲ್ಕ್ ಬೇಟೆಗೂ ಪರವಾನಗಿ ಕೊಡುತ್ತಾರೆ ಎಂಬುದನ್ನು ಮರೆಮಾಚಲಾಗದು. ಆ ಪರವಾನಗಿಗಳು ವರ್ಷಕ್ಕೆ ಇನ್ನೂರನ್ನು ದಾಟವು. ನೋಡಿ ಹೋಗಲು ಬರುವವರು ಲಕ್ಷಗಳಲ್ಲಿದ್ದಾರೆ.