ಪ್ಯಾಕಪ್ ಆದ ಮೇಲೆ: ಒಕ್ಕಣ್ಣ ಕಾರಿಗೆ ಕಣ್ಣು

ನಮ್ಮ ಸಿನಿಮಾಗಳಲ್ಲಿ ಖಳನಾಯಕನ ಕಾರಿಗೆ ಮುಖವೇ ಇರುವುದಿಲ್ಲ, ಗಮನಿಸಿದ್ದೀರಾ? ಬರೀ ಎರಡು ಹೆಡ್‌ಲೈಟು! ನಡುರಾತ್ರಿ, ಖಾಲಿ ರಸ್ತೆ, ಹಿನ್ನೆಲೆಯಲ್ಲಿ ಪಿಟೀಲುಗಳ ಕಿರಿಚಾಟ... ನಾಯಕಿಯ ತಂದೆ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಾರೆ. ಮುಂದಿನ ಶಾಟ್‌ನಲ್ಲಿ ಅವರ ಫೋಟೋಗೆ ಹಾರ. ಇದನ್ನು ನೂರು ಸಲ ನೋಡಿ ಎದ್ದು ಬಂದಿದ್ದೇವೆ. ಆದರೆ ಈಗ ಸಂಜೆ ಏಳರ ಮೇಲೆ ಜರಗನಹಳ್ಳಿಯಲ್ಲಿ ಕನಕಪುರ ರಸ್ತೆ ದಾಟಲು ನಿಂತು ನೋಡಿ ಸ್ವಾಮಿ, ಎದುರಿಗೆ ಬರುವ ಗಾಡಿಗಳೆಲ್ಲ ಖಳನಾಯಕನವೇ!

ಹಾಗಾಗಿ ಈ ವಾರ ತಾರೆಯರ ಸುದ್ದಿಗೆ ರಜೆ. ಹೆಡ್‌ಲೈಟ್ ಬಲ್ಬಿನ ಸುದ್ದಿ. ಮೂಗು ಮುರಿಯಬೇಡಿ, ಸಿನಿಮಾನೂ ಇದೆ.

ನಮ್ಮ ಬೀದಿಯಲ್ಲೊಬ್ಬ ಡ್ರೈವರ್ ಅಣ್ಣ ಇದ್ದಾರೆ. ಶೂಟಿಂಗ್ ಕಂಪನಿಗಳಿಗೆ ಗಾಡಿ ಓಡಿಸುವವರು. ಬೆಳಗಿನ ಜಾವ ನಾಲ್ಕಕ್ಕೆ ಮೇಕಪ್‌ನವರನ್ನು ಹತ್ತಿಸಿಕೊಂಡು ಕನಕಪುರದ ಕಡೆ ಹೊರಟರೆ, ರಾತ್ರಿ ಪ್ಯಾಕಪ್ ಆದ ಮೇಲೆ ಕಲಾವಿದರನ್ನು ಮನೆಗೆ ಬಿಟ್ಟು ಬರೋದು. ಅಂದರೆ ಅವರ ಸಂಪಾದನೆ ಪೂರ್ತಿ ಕತ್ತಲಿನದು. ಹೋದ ವಾರ ಅವರ ಹಳೇ ಆಲ್ಟೋದ ಬಲಗಣ್ಣು ಹೋಯ್ತು. "ಇನ್ನೊಂದು ಉರೀತಾ ಇದೆಯಲ್ಲ ತಮ್ಮಾ, ತಿಂಗಳ ಕೊನೇಲಿ ನೋಡೋಣ" ಅಂದರು.

ಬಲಗಣ್ಣೇ ಹೋದರೆ ಏನಾಗುತ್ತೆ ಗೊತ್ತಾ? ನಾವು ರಸ್ತೆಯ ಎಡಕ್ಕೆ ಓಡಿಸುವವರು. ನಮ್ಮ ಗಾಡಿಯ ಬಲಮಗ್ಗುಲು ನಡುರಸ್ತೆಗೆ, ಎದುರು ಬರುವವನ ಕಡೆಗೆ. ಆ ದೀಪ ಆರಿತು ಅನ್ನಿ, ಎದುರಿನವನಿಗೆ ಕಾಣೋದು ರಸ್ತೆ ಅಂಚಿನ ಒಂದೇ ದೀಪ. "ಓಹೋ, ಮೋಟಾರ್ ಸೈಕಲ್" ಅಂದುಕೊಂಡು ಆರಾಮಾಗಿ ನಡುವಿಗೆ ಬರುತ್ತಾನೆ. ಅಲ್ಲಿ ಕತ್ತಲಲ್ಲಿ ಅರ್ಧ ಕಾರು ಇದೆ. ಅದೇ ಅರ್ಧದಲ್ಲಿ ಡ್ರೈವರ್ ಕೂತಿರುತ್ತಾನೆ!

ರಾತ್ರಿ ಪಯಣ ಅಂದರೆ ಚಿತ್ರರಂಗದವರಿಗೆ ಒಂದು ತಾರೀಕು ನೆನಪಾಗದೇ ಇರೋದಿಲ್ಲ. 1990ರ ಸೆಪ್ಟೆಂಬರ್ 30. ದಾವಣಗೆರೆ ಹತ್ತಿರದ ಆನಗೋಡು. ಶಂಕರ್ ನಾಗ್ ಹೋದರು. ಅದಕ್ಕೂ ಬಲ್ಬಿಗೂ ಗಂಟು ಹಾಕುವ ಉದ್ದೇಶ ನನಗಿಲ್ಲ. ಆದರೆ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹರಿದ ಕಥೆಯನ್ನು 1985ರಲ್ಲಿ 'ಆಕ್ಸಿಡೆಂಟ್' ಮಾಡಿ ತೋರಿಸಿದ್ದ ಮನುಷ್ಯನೇ ರಸ್ತೆಯಲ್ಲಿ ಹೋದದ್ದು ಇವತ್ತಿಗೂ ಗಂಟಲಿಗೆ ಬರುತ್ತೆ. ರಾತ್ರಿ ಕಾಲ್‌ಶೀಟಿನ ಗಾಡಿಗೆ ಕಣ್ಣು ಸರಿ ಇರಬೇಕು, ಅಷ್ಟೇ ನನ್ನ ವಾದ.

ಅಣ್ಣ ಕೊನೆಗೂ ಜೆ.ಸಿ.ರಸ್ತೆಗೆ ಹೊರಟರು, ನಾನೂ ಹಿಂದೆ. ಕಲಾಕ್ಷೇತ್ರದ ರಸ್ತೆ ಅಂತ ನಾಟಕದವರು ಅಂದರೆ, ಸ್ಪೇರ್ ಪಾರ್ಟ್ಸ್ ರಸ್ತೆ ಅಂತ ಡ್ರೈವರ್‌ಗಳು ಅನ್ನುತ್ತಾರೆ. ಅಂಗಡಿಯವ ಹಲ್ಲು ಕಿರಿದು ಒಂದು ಎಲ್‌ಇಡಿ ಜೋಡಿ ಮುಂದಿಟ್ಟ. "ಹಗಲಾಗಿಬಿಡುತ್ತೆ ಸಾರ್!" ಅದು ಬೇಡವಾದರೆ 100 ವ್ಯಾಟಿನ ಹ್ಯಾಲೊಜೆನ್ ಅಂತೆ.

ಇಲ್ಲಿದೆ ನೋಡಿ ಮಸಲತ್ತು. ಆಲ್ಟೋದಂಥ ಗಾಡಿಗಳ ಬಲ್ಬಿನ ಹೆಸರು ಎಚ್4. ಗಾಜಿನೊಳಗೆ ಎರಡು ತಂತಿ. ಹೈ ಬೀಮ್‌ಗೆ 60 ವ್ಯಾಟು, ಡಿಮ್‌ಗೆ 55. ಡಿಮ್ ತಂತಿಯ ಕೆಳಗೆ ಬೆರಳುಗುರಿನಷ್ಟು ತಗಡಿನ ಬಟ್ಟಲಿರುತ್ತೆ. ಆ ಬಟ್ಟಲು ಕೆಳಗಿನ ಬೆಳಕನ್ನು ತಡೆದು, ಮೇಲಿನದನ್ನು ಮಾತ್ರ ಕನ್ನಡಿಗೆ ಬಿಡುತ್ತೆ; ಕನ್ನಡಿ ಅದನ್ನು ರಸ್ತೆಗೆ ಇಳಿಸುತ್ತೆ. ಎಲ್ಲಾ ಲೆಕ್ಕವೂ ಆ ತಂತಿ ಕೂತ ಜಾಗದ ಮೇಲೆ. ಅದೇ ಹಿತ್ತಾಳೆಗೆ ಎಲ್‌ಇಡಿ ಸಿಕ್ಕಿಸಿದರೆ ಬೆಳಕು ಹುಟ್ಟುವ ಜಾಗವೇ ಬೇರೆ. ಕನ್ನಡಿಗೆ ತಲೆಕೆಟ್ಟು ಕಂಡಕಂಡ ಕಡೆ ಚೆಲ್ಲುತ್ತೆ. ನಮಗೆ ಹಗಲು, ಎದುರಿನವನಿಗೆ ಕುರುಡು. ಇನ್ನು 100 ವ್ಯಾಟು? 12 ವೋಲ್ಟಿನಲ್ಲಿ 60 ವ್ಯಾಟಿಗೆ 5 ಆಂಪಿಯರ್ ಹರಿದರೆ, 100ಕ್ಕೆ 8 ದಾಟುತ್ತೆ. ವೈರು ಹಳೇದು, ಹೋಲ್ಡರು ಪ್ಲಾಸ್ಟಿಕ್ಕಿನದು. ಮೊದಲು ವಾಸನೆ, ಆಮೇಲೆ ಹೊಗೆ.

ಕಾನೂನೂ ಸುಮ್ಮನಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 8 ಮೀಟರು ದೂರದಲ್ಲಿ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿರುವ ಕಣ್ಣಿಗೆ ದೀಪ ಕುಕ್ಕಬಾರದು. ಒಂದೂವರೆ ಮೀಟರು ಅಂದರೆ ರಸ್ತೆ ದಾಟುವ ನನ್ನ ನಿಮ್ಮ ಮುಖವೇ ತಾನೇ! 2024ರ ಜುಲೈಯಿಂದ ನಮ್ಮ ರಾಜ್ಯದ ಪೊಲೀಸರು ಈ ಎಲ್‌ಇಡಿ ಭೂಪತಿಗಳ ಮೇಲೆ ಕೇಸು ಹಾಕಲು ಹೊರಟದ್ದೂ ಉಂಟು. ಒಂದು ಕಾಲಕ್ಕೆ ಹೆಡ್‌ಲೈಟಿನ ಮೇಲೆ ಕಪ್ಪು ಬಣ್ಣ ಬಳಿದುಕೊಂಡು ಓಡಾಡುತ್ತಿದ್ದ ಜನ ನಾವು. ಎಲ್ಲಿಂದ ಎಲ್ಲಿಗೆ ಬಂದೆವು!

ಕೆಲವೇ ನೂರು ರೂಪಾಯಿಗೆ 60/55ರ ಮಾಮೂಲಿ ಬಲ್ಬು ಎರಡು ಕೊಂಡು ಜರಗನಹಳ್ಳಿಗೆ ವಾಪಸು ಬಂದೆವು. ಎರಡು ಯಾಕೆ? ಎರಡೂ ಒಂದೇ ದಿನ ಹುಟ್ಟಿದವು, ಒಂದು ಹೋದರೆ ಇನ್ನೊಂದರ ಟಿಕೆಟ್ಟೂ ಬುಕ್ ಆಗಿರುತ್ತೆ. ಒಂದು ಹೊಸದು ಒಂದು ಹಳೇದಾದರೆ ಬೆಳಕೂ ಮೆಳ್ಳೆಗಣ್ಣು.

ಕೆಲಸಕ್ಕೆ ಮುಂಚೆ ಅಣ್ಣ ಒಂದು ಜಾಣತನ ಮಾಡಿದರು. ಎದುರು ವಠಾರದ ಗೋಡೆಗೆ ಡಿಮ್ ಬಿಟ್ಟು, ಉರಿಯುತ್ತಿದ್ದ ದೀಪದ ಬೆಳಕಿನ ಮೇಲಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಗಾಡಿ ಅಲ್ಲಿಂದ ಕದಲಿಸಲಿಲ್ಲ. ಸ್ವಿಚ್ ಆಫ್, ಬೀಗದ ಕೈ ಜೇಬಿಗೆ. ಬಿಸಿ ಆರಲು ಒಂದು ಕಾಫಿಯಷ್ಟು ಹೊತ್ತು. ಬಾನೆಟ್ ಎತ್ತಿ, ದೀಪದ ಬೆನ್ನಿಗಿರುವ ಮೂರು ಪಿನ್ನಿನ ಕಪ್ಲರನ್ನು ನೇರ ಎಳೆಯಬೇಕು. ವೈರು ಹಿಡಿದು ಜಗ್ಗಿದರೆ ಕೆಟ್ಟಿರಿ. ಆಮೇಲೆ ರಬ್ಬರಿನ ಟೋಪಿ ಬಿಚ್ಚಿ, ಸ್ಪ್ರಿಂಗ್ ಕ್ಲಿಪ್ ಒತ್ತಿ ಪಕ್ಕಕ್ಕೆ ಸರಿಸಿದರೆ ಸತ್ತ ಬಲ್ಬು ಕೈಗೆ. ಕಪ್ಲರು ಕಂದು ತಿರುಗಿ ಕರಗಿದ್ದರೆ ಅಲ್ಲೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಹತ್ತಿರ ಹೋಗಬೇಕು. ಬಲ್ಬಿನ ತಂತಿ ತುಂಡಾಗದೇ ಇದ್ದರೆ ಫ್ಯೂಸ್ ನೋಡಬೇಕು.

ಹೊಸ ಬಲ್ಬಿನ ಗಾಜಿಗೆ ಮಾತ್ರ ಬೆರಳು ತಾಕಿಸಬೇಡಿ! ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಈ ಪಾಠ ಹೇಳಿದವರು ಪ್ರೊಫೆಸರಲ್ಲ, ಶೂಟಿಂಗಿನ ಲೈಟ್ ಬಾಯ್‌ಗಳು. ಸೆಟ್ಟಿನ ದೊಡ್ಡ ಹ್ಯಾಲೊಜೆನ್ನೂ ಕಾರಿನ ಪುಟ್ಟದೂ ಒಂದೇ ಜಾತಿ. ಗಾಜು ಕ್ವಾರ್ಟ್ಸಿನದು, ನೂರಾರು ಡಿಗ್ರಿ ಕಾಯುತ್ತೆ. ಬೆರಳಿನ ಜಿಡ್ಡು ಅಂಟಿದ ಕಡೆ ಅದು ಸುಟ್ಟು ಗಾಜು ಬೇಗ ಹಾಳಾಗುತ್ತೆ, ಒಮ್ಮೊಮ್ಮೆ ಸಿಡಿಯುತ್ತೆ. ನಾಯಕಿ ಕಣ್ಣೀರಿನ ಶಾಟ್‌ನ ನಡುವೆ ಬಲ್ಬು 'ಢಂ' ಅಂದರೆ ನಿರ್ದೇಶಕರು ಯಾರನ್ನು ಬೈತಾರೆ ಹೇಳಿ? ಅದಕ್ಕೇ ಅವರು ಬಟ್ಟೆ ಸುತ್ತಿಯೇ ಹಿಡಿಯೋದು. ನೀವೂ ಲೋಹದ ಬುಡ ಹಿಡಿಯಿರಿ. ಅಕಸ್ಮಾತ್ ತಾಗಿದರೆ ಸ್ಪಿರಿಟಿನಲ್ಲಿ ಒರೆಸಿ, ಒಣಗಿಸಿ ಹಾಕಿ.

ಬುಡದ ಮೂರು ಕಿವಿಗಳ ನಡುವಿನ ಅಂತರ ಸಮನಾಗಿರೋದಿಲ್ಲ, ಹಾಗಾಗಿ ಬಲ್ಬು ಒಂದೇ ರೀತಿಯಲ್ಲಿ ಕೂರುತ್ತೆ. ಒತ್ತಾಯ ಬೇಡ. ಕ್ಲಿಪ್ ಹಾಕಿ, ರಬ್ಬರ್ ಟೋಪಿ ಸರಿಯಾಗಿ ಕೂರಿಸಿ; ಸಡಿಲ ಬಿಟ್ಟರೆ ಮಳೆನೀರು ಹೋಗಿ ಕನ್ನಡಿ ಮಂಕು. ಕಪ್ಲರು ಒತ್ತಿದರೆ ಮುಗೀತು. ಎರಡೂ ಕಡೆಗೆ ಅರ್ಧ ಗಂಟೆ ಹಿಡೀಲಿಲ್ಲ. ಗೋಡೆಗೆ ದೀಪ ಬಿಟ್ಟರೆ ಎರಡರ ಬೆಳಕೂ ಸೀಮೆಸುಣ್ಣದ ಗೆರೆಗೇ ಬಂದು ನಿಂತಿತು. ಮೇಲೆ ಹೋಗಿದ್ದರೆ ಬಲ್ಬು ಸೊಟ್ಟ ಕೂತಿದೆ ಅಂತ ಅರ್ಥ.

ಒಂದು ಮಾತು. ಹುಟ್ಟಿನಿಂದಲೇ ಎಲ್‌ಇಡಿ ದೀಪ ಇರುವ ಹೊಸ ಗಾಡಿಗಳಲ್ಲಿ ಸಾಮಾನ್ಯವಾಗಿ ಬದಲಿಸಲು ಬಲ್ಬೇ ಇರೋದಿಲ್ಲ. ಕೆಲವಕ್ಕೆ ಬಂಪರನ್ನೇ ಬಿಚ್ಚಬೇಕು. ಝೆನಾನ್ ದೀಪವಂತೂ ಹೊತ್ತಿಕೊಳ್ಳುವಾಗ ಇಪ್ಪತ್ತು ಸಾವಿರ ವೋಲ್ಟಿನಷ್ಟು ಎಳೆಯುತ್ತೆ. ಅವುಗಳ ಹತ್ತಿರ ಮನೆ ಮೆಕ್ಯಾನಿಕ್ ಆಟ ಬೇಡ.

ಬಿಚ್ಚಿದ ಎಡಗಡೆ ಬಲ್ಬು ಇನ್ನೂ ಜೀವಂತ ಇತ್ತಲ್ಲ, ಅದನ್ನು ಅಣ್ಣ ಹೊಸ ಬಲ್ಬಿನ ಡಬ್ಬಿಗೇ ಹಾಕಿ, ಮಗಳ ಸ್ಕೂಲಿನ ಹಳೇ ಕಾಲುಚೀಲದೊಳಗೆ ತೂರಿಸಿ ಡ್ಯಾಶ್‌ಬೋರ್ಡಿನಲ್ಲಿಟ್ಟುಕೊಂಡರು. ಮಾರನೇ ದಿನ ನಾಲ್ಕು ಗಂಟೆಗೆ ಹಾರೋಹಳ್ಳಿ ಹತ್ತಿರ ಶೂಟಿಂಗಂತೆ. ಹೀರೋ ಯಾರು ಅಂತ ಕೇಳಿದೆ. ಹೇಳಲಿಲ್ಲ!