ಅರವತ್ತನಾಲ್ಕು ಅರವತ್ತೈದಾಗುವ ತರಗತಿ

ಗ್ರಾಫ್ ಹಾಳೆಯಲ್ಲಿ ಉದ್ದಕ್ಕೂ ಅಗಲಕ್ಕೂ 8 ಮನೆ ಬರುವ ಚೌಕವೊಂದನ್ನು ಕತ್ತರಿಸಿ. ಒಟ್ಟು 64 ಮನೆ. ಅದನ್ನು 3 ಮತ್ತು 5 ಮನೆ ಅಗಲದ ಎರಡು ಪಟ್ಟಿ ಮಾಡಿ, ಸಣ್ಣ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಸೀಳಿದರೆ ಎರಡು ತ್ರಿಭುಜ. ದೊಡ್ಡ ಪಟ್ಟಿಗೆ ಒಂದು ಓರೆ ಕತ್ತರಿ ಹಾಕಿದರೆ 3 ಮತ್ತು 5 ಮನೆಯ ಸಮಾಂತರ ಬಾಹುಗಳಿರುವ ಎರಡು ತ್ರಾಪಿಜ್ಯ. ಈಗ ಈ ನಾಲ್ಕೂ ತುಂಡುಗಳನ್ನು 13 ಮನೆ ಉದ್ದ, 5 ಮನೆ ಅಗಲದ ಆಯತವಾಗಿ ಜೋಡಿಸಬಹುದು. ಐದು ಹದಿಮೂರಲಿ ಅರವತ್ತೈದು. ಹೊಸದಾಗಿ ಏನನ್ನೂ ಸೇರಿಸಿಲ್ಲ, ಆದರೂ ಒಂದು ಮನೆ ಹೆಚ್ಚಾಗಿದೆ!

ಒಂಬತ್ತನೇ ತರಗತಿಯ ಮಕ್ಕಳ ಮುಂದೆ ಇದನ್ನಿಟ್ಟರೆ ಮೊದಲು ನಗು ಏಳುತ್ತದೆ, ಆಮೇಲೆ ಜಗಳ. ಕತ್ತರಿ ಸೊಟ್ಟ ಹೋಗಿದೆ ಎನ್ನುವವರು, ಎಣಿಕೆ ತಪ್ಪಿದೆ ಎನ್ನುವವರು, ಹೊಸ ಹಾಳೆ ತಂದು ಮತ್ತೆ ಕತ್ತರಿಸುವವರು. ಎಷ್ಟು ಜಾಗರೂಕತೆಯಿಂದ ಕತ್ತರಿಸಿದರೂ 65 ಬಂದಾಗ ಕೈ ಸೋಲುತ್ತದೆ, ಲೆಕ್ಕ ಶುರುವಾಗುತ್ತದೆ. ತ್ರಿಭುಜದ ಓರೆ 8ಕ್ಕೆ 3, ಅಂದರೆ 0.375. ತ್ರಾಪಿಜ್ಯದ ಓರೆ 5ಕ್ಕೆ 2, ಅಂದರೆ 0.4. ಕಣ್ಣಿಗೆ ಒಂದೇ ಗೆರೆಯಂತೆ ಕಂಡದ್ದು ಒಂದೇ ಗೆರೆಯಲ್ಲ. ಆಯತದ ಕರ್ಣದುದ್ದಕ್ಕೂ ಕೂದಲೆಳೆಯಂಥ ಸಂದು ಉಳಿದಿದೆ, ಅದರ ವಿಸ್ತೀರ್ಣ ಸರಿಯಾಗಿ ಒಂದು ಮನೆ.

ಹದಿಹರೆಯದವರ ಗಣಿತಕ್ಕೆ ಬೇಕಿರುವುದು ಇಂಥ ಕೈಕೆಲಸ. ಗಣಿತವನ್ನು ಸಲೀಸು ಮಾಡುವುದಕ್ಕಲ್ಲ. ‘ಇದನ್ನು ಸಾಧಿಸಿ ತೋರಿಸಲೇಬೇಕು’ ಎಂಬ ಹಟ ಹುಟ್ಟಿಸುವುದಕ್ಕೆ.

ಈಗ ‘ಚಟುವಟಿಕೆ’ ಎಂಬ ಹೆಸರಿನಲ್ಲಿ ಪ್ರೌಢಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವುದೇ ಬೇರೆ. ಥರ್ಮೋಕೋಲ್ ಮೇಲೆ ಬಣ್ಣದ ಕಾಗದ ಅಂಟಿಸಿದ ಪೈಥಾಗೊರಸ್, ಮಿನುಗುಪುಡಿ ಉದುರಿಸಿದ ಶಂಕು, ಅರ್ಧರಾತ್ರಿ ಅಪ್ಪನೋ ಅಕ್ಕನೋ ಮುಗಿಸಿಕೊಟ್ಟ ಚಾರ್ಟ್. ಅದನ್ನು ಮಾಡುವಾಗ ಮಗುವಿಗೆ ಒಂದು ಪ್ರಶ್ನೆಯೂ ಎದುರಾಗುವುದಿಲ್ಲ, ಏಕೆಂದರೆ ಉತ್ತರ ಮೊದಲೇ ಗೊತ್ತು. ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಆ ಇಪ್ಪತ್ತರಲ್ಲಿ ಗೋಡೆಗೆ ನೇತುಹಾಕುವ ಸರಕಿಗೂ ಪಾಲು ಸಿಗುವುದು ವ್ಯರ್ಥ ಎನ್ನದೆ ವಿಧಿಯಿಲ್ಲ.

ಪ್ರಾಥಮಿಕ ಹಂತದಲ್ಲಿ ಕರ್ನಾಟಕ ಹೀಗೆ ಹಿಂದೆ ಬಿದ್ದಿಲ್ಲ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಇಡೀ ರಾಜ್ಯಕ್ಕೆ ಹಬ್ಬಿತು. ಅಕ್ಷರ ಫೌಂಡೇಷನ್ ಜೊತೆಗೂಡಿ ನಡೆದ ಗಣಿತ ಕಲಿಕಾ ಆಂದೋಲನ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಸಲಕರಣೆಗಳ ಕಿಟ್ ಮುಟ್ಟಿಸಿತು. ಆದರೆ ಎಂಟನೇ ತರಗತಿಯ ಹೊಸ್ತಿಲು ದಾಟಿದ ಕೂಡಲೇ ಮಣಿ, ಕಡ್ಡಿ, ಕಾಗದಗಳೆಲ್ಲ ಚಿಕ್ಕ ಮಕ್ಕಳ ಪಾಲಿಗೆ ಉಳಿದು, ದೊಡ್ಡವರಿಗೆ ಸೂತ್ರಗಳ ಪಟ್ಟಿ ಮತ್ತು ಪಾಸಿಂಗ್ ಪ್ಯಾಕೇಜ್ ಸಿಗುತ್ತವೆ.

ಚಿಕ್ಕವರು-ದೊಡ್ಡವರ ನಡುವಿನ ಈ ಗೆರೆ ಎಷ್ಟು ಹುಸಿ ಎಂಬುದನ್ನು ತೋರಿಸಿದವರು ಟಿ. ಸುಂದರ ರಾವ್. ಶಿಶುವಿಹಾರದ ಮಕ್ಕಳಿಗೆಂದು ಇದ್ದ ಕಾಗದ ಮಡಿಸುವ ಆಟದಿಂದ ಹೊಳಹು ಪಡೆದು ಅವರು ಬರೆದ ರೇಖಾಗಣಿತದ ಪುಸ್ತಕ 1893ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಜರ್ಮನಿಯ ಹೆಸರಾಂತ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ತಮ್ಮ ಕೃತಿಯಲ್ಲಿ ಪ್ರಸ್ತಾಪಿಸಿದರು. 1901ರಲ್ಲಿ ಶಿಕಾಗೊದಲ್ಲಿ ಅದರ ಅಮೆರಿಕನ್ ಆವೃತ್ತಿ ಬಂತು. ಕಾಗದ ಮಡಿಸಿ ಬಹುಭುಜಾಕೃತಿಗಳನ್ನಷ್ಟೇ ಅಲ್ಲ, ಪರವಲಯವನ್ನೂ ಪಡೆಯಬಹುದು. ಹಾಳೆಯ ಕೆಳ ಅಂಚಿನಿಂದ ಸ್ವಲ್ಪ ಮೇಲೆ ಒಂದು ಚುಕ್ಕಿ ಇಡಿ. ಅಂಚಿನ ಬೇರೆ ಬೇರೆ ಬಿಂದುಗಳು ಆ ಚುಕ್ಕಿಯ ಮೇಲೆ ಕೂರುವಂತೆ ಇಪ್ಪತ್ತು ಮೂವತ್ತು ಸಲ ಮಡಿಸಿ ಬಿಡಿಸಿದರೆ, ಮಡಿಕೆಗಳ ನಡುವೆ ವಕ್ರರೇಖೆಯೊಂದು ತಾನೇ ಎದ್ದು ಬರುತ್ತದೆ. ಅದು ಏಕೆ ಪರವಲಯವೇ ಆಗಬೇಕು ಎಂಬುದಕ್ಕೆ ಉತ್ತರ, ಪ್ರತಿ ಮಡಿಕೆಯೂ ಲಂಬಾರ್ಧಕ ಎಂಬ ಮಾತಿನಲ್ಲಿದೆ. ಲಂಬಾರ್ಧಕವನ್ನು ಕೈವಾರದಿಂದ ಎಳೆದು ಐದು ಅಂಕ ಪಡೆದ ಮಕ್ಕಳಲ್ಲಿ ಎಷ್ಟು ಮಂದಿಗೆ ಅದರ ಈ ಕಸುಬು ಗೊತ್ತಿದೆ?

ರಂಗೋಲಿಯಂತೂ ಮನೆಯಂಗಳದ ಸರಕು. ನಡುವೆ 7 ಚುಕ್ಕಿ, ಎರಡೂ ಕಡೆ 5, 3, 1 ಎಂದು ಇಳಿಸಿದರೆ ಒಟ್ಟು 25. ಇದು 16 ಮತ್ತು 9ರ ಮೊತ್ತ, ಎಂದರೆ ಎರಡು ವರ್ಗಗಳ ಮೊತ್ತ. ಹತ್ತನೇ ತರಗತಿಯ ಸಮಾಂತರ ಶ್ರೇಢಿ ಇಲ್ಲೇ ಕೂತಿದೆ. ಆದರೆ ನಿಜವಾದ ಮಜಾ ಇರುವುದು ಸಂದಿಗೆ ಚುಕ್ಕಿ ಇಡುವ ಬಗೆಯಲ್ಲಿ. ನಡುವಿನ 15ರಿಂದ ಎರಡೂ ಕಡೆ ಒಂದೊಂದೇ ಇಳಿಸುತ್ತ 8ಕ್ಕೆ ನಿಲ್ಲಿಸಿದರೆ ಒಟ್ಟು 169 ಚುಕ್ಕಿ. ಅದು 13ರ ವರ್ಗ! ತರಗತಿ ಕೂಡಲೇ ನಿಯಮ ಸಾರಿಬಿಡುತ್ತದೆ: ಹೀಗೆ ಇಟ್ಟರೆ ಯಾವಾಗಲೂ ವರ್ಗಸಂಖ್ಯೆಯೇ. ಶಿಕ್ಷಕರು ಸುಮ್ಮನಿದ್ದು, 7ರಿಂದ 4ಕ್ಕೆ ಇಳಿಸಿ ನೋಡಿ ಎಂದರೆ ಸಾಕು. 37 ಬರುತ್ತದೆ, ನಿಯಮ ಬಿದ್ದುಹೋಗುತ್ತದೆ. ಒಂದು ಉದಾಹರಣೆ ನಂಬಿ ನಿಯಮ ಕಟ್ಟಬಾರದು ಎಂದು ನೂರು ಸಲ ಹೇಳುವುದಕ್ಕಿಂತ ಈ ಪೆಟ್ಟು ಹೆಚ್ಚು ನಾಟುತ್ತದೆ.

ಇನ್ನು ನೆರಳು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಎರಾಟೋಸ್ತನೀಸ್ ಈಜಿಪ್ಟಿನ ಎರಡು ಊರುಗಳ ನೆರಳಿನಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ಕರ್ನಾಟಕದ ಎರಡು ಶಾಲೆಗಳಿಗೂ ಅದು ಸಾಧ್ಯ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಅದೇ ದಿನ ಕಲಬುರಗಿಯ ನಡುಹಗಲಿಗೆ ಅಲ್ಲಿ ಒಂದು ಮೀಟರ್ ಕೋಲಿಗೆ ಸುಮಾರು ಏಳೂವರೆ ಸೆಂ.ಮೀ. ನೆರಳು ಬೀಳುತ್ತದೆ. ಕೋನ ನಾಲ್ಕೂಕಾಲು ಡಿಗ್ರಿಗಿಂತ ತುಸು ಹೆಚ್ಚು. ಎರಡು ಊರುಗಳ ಉತ್ತರ-ದಕ್ಷಿಣ ಅಂತರ ಸುಮಾರು 480 ಕಿ.ಮೀ. ಅನುಪಾತ ಹಾಕಿದರೆ ಭೂಮಿಯ ಸುತ್ತಳತೆ 40,000 ಕಿ.ಮೀ. ಆಸುಪಾಸಿಗೆ ಬಂದು ನಿಲ್ಲುತ್ತದೆ.

ಬಂದು ನಿಲ್ಲುತ್ತದೆ ಎಂಬುದು ಹೇಳಿದಷ್ಟು ಸುಲಭವಲ್ಲ ಅನ್ನಿ. ಬಸ್ಸಿನ ದಾರಿಯ ಕಿಲೋಮೀಟರ್ ಹಾಕಿದ ಗುಂಪಿಗೆ ಸುತ್ತಳತೆ ಹಲವು ಸಾವಿರ ಕಿ.ಮೀ. ಉಬ್ಬುತ್ತದೆ. ನೆರಳು ಅಳೆಯುವಾಗ ಒಂದು ಮಿಲಿಮೀಟರ್ ತಪ್ಪಿದರೆ 500 ಕಿ.ಮೀ. ವ್ಯತ್ಯಾಸ. ಕೋಲು ವಾಲಿದ್ದರೆ ಇನ್ನೂ ಕೆಟ್ಟಿತು, ನೂಲುಗುಂಡು ಹಿಡಿದೇ ನಿಲ್ಲಿಸಬೇಕು. ಕ್ಯಾಲೆಂಡರ್ ಕೂಡ ಸಹಕರಿಸುವುದಿಲ್ಲ: ಏಪ್ರಿಲ್ ಕೊನೆಗೆ ಬೇಸಿಗೆ ರಜೆ, ಆಗಸ್ಟಿನಲ್ಲಿ ಮೋಡ. ಆದರೆ ನೆರಳಿಲ್ಲದ ದಿನವೇ ಬೇಕೆಂದೇನೂ ಇಲ್ಲ. ಬಿಸಿಲಿರುವ ಯಾವ ದಿನವಾದರೂ ಸರಿ, ಎರಡೂ ಊರುಗಳ ನಡುಹಗಲಿನ ಕೋನಗಳ ವ್ಯತ್ಯಾಸ ಸಾಕು. ಅದನ್ನು ಮಕ್ಕಳೇ ಕಂಡುಕೊಂಡರೆ ತ್ರಿಕೋನಮಿತಿಯ ಅರ್ಧ ಪಾಠ ಮುಗಿದಂತೆ.

ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬುದು ಶಿಕ್ಷಕರ ಮಾತು. ಅದನ್ನು ನೆಪವೆಂದು ತಳ್ಳಿಹಾಕುವುದು ಅನ್ಯಾಯ. ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶಿಕ್ಷಕರೊಬ್ಬರು ಗಣಿತದ ಜೊತೆ ವಿಜ್ಞಾನವನ್ನೂ ಮಾಡಬೇಕು, ಸಿಬ್ಬಂದಿ ಕಡಿಮೆ ಇದ್ದಲ್ಲಿ ಇನ್ನೊಂದು ಶಾಲೆಗೂ ಓಡಬೇಕು, ಫಲಿತಾಂಶ ಇಳಿದರೆ ನೋಟಿಸಿಗೆ ಉತ್ತರ ಕೊಡಬೇಕು. ಹಾಗಾಗಿ ವಾರಕ್ಕೊಂದು ಚಟುವಟಿಕೆ ಮಾಡಿ ಎಂಬ ಇನ್ನೊಂದು ಸುತ್ತೋಲೆ ಬಂದರೆ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಕೆಲಸ ಹೆಚ್ಚುತ್ತದೆ, ಅಷ್ಟೆ.

ಬದಲಾಗಬೇಕಾದ್ದು ಆಂತರಿಕ ಅಂಕ ಕೊಡುವ ರೀತಿ. ಮಾದರಿ, ಚಾರ್ಟುಗಳನ್ನು ಕೈಬಿಟ್ಟು, ವರ್ಷಕ್ಕೆ ಎರಡೇ ಅಳತೆಯ ಕೆಲಸ ಇಟ್ಟರೂ ಸಾಕು. ಪ್ರತಿಯೊಂದಕ್ಕೂ ಎರಡು ಪುಟ: ಅಳೆಯುವ ಮೊದಲು ಬರೆದ ಊಹೆ, ಅಳೆದಾಗ ಬಂದ ಸಂಖ್ಯೆಗಳು, ಎರಡೂ ಏಕೆ ಹೊಂದಲಿಲ್ಲ ಎಂಬ ವಾದ. ಅಂಕ ಇರಬೇಕಾದ್ದು ಮೂರನೆಯದಕ್ಕೆ. ಉತ್ತರ ತಪ್ಪಾದರೂ ಕಾರಣ ಸರಿಯಾಗಿ ಹಿಡಿದವರಿಗೆ ಪೂರ್ತಿ ಅಂಕ, 40,000 ಎಂದು ಗೂಗಲ್ ನೋಡಿ ಬರೆದವರಿಗೆ ಸೊನ್ನೆ. ಇದಕ್ಕೆ ತಗಲುವ ಖರ್ಚು ಒಂದು ಕೋಲು, ಒಂದಿಷ್ಟು ದಾರ, ಬೇರೆ ಊರಿನ ಶಾಲೆಯೊಂದಕ್ಕೆ ಮಾಡುವ ಫೋನ್ ಕರೆ.